ಎಲ್ಲರೆದುರಿನ ತೀರ್ಮಾನ

ನಗರಸಭೆ ಚುನಾವಣೆಗೆ ನಿಂತಾಗ ವಸುಮತಿ, ಬಡವರಿಗೆ ಸೂರು, ಭಯವಿಲ್ಲದ ಬೀದಿ ಕೊಡಿಸುತ್ತೇನೆ, ಪ್ರತಿ ತೀರ್ಮಾನವನ್ನೂ ಜನರೆದುರೇ ಮಾಡುತ್ತೇನೆ ಎಂದಿದ್ದಳು. ಪಾರ್ಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದ ಹುಲಿಗೆಮ್ಮ ಅವಳಿಗಾಗಿ ಮನೆಮನೆ ತಿರುಗಿ ಮತ ಕೇಳಿದ್ದಳು.

ಗೆದ್ದ ಮೇಲೆ ವಸುಮತಿ ವಾರ್ಡಿನ ಮೊದಲ ಸಭೆಯನ್ನು ಬಯಲಲ್ಲೇ ಕರೆದಳು.

ಬಡಾವಣೆಯ ಹಿರಿಯರೊಬ್ಬರು ಎದ್ದರು. "ಮೇಡಂ, ನಮ್ಮ ಹೆಣ್ಮಕ್ಕಳು ಸುರಕ್ಷಿತ ಇರಬೇಕ್ರಿ. ಪಾರ್ಕ್ ಸುತ್ತ ಇರೋ ಅನಧಿಕೃತ ರಚನೆ ತೆರವು ಮಾಡಸ್ರಿ. ಬೇಕಾದ್ರ ಜನರನ್ನ ಕೇಳ್ರಿ."

ವಸುಮತಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. "ಒಪ್ಪುವವರು ಕೈ ಎತ್ರಿ," ಎಂದಳು.

ಬಯಲ ತುಂಬ ಕೈಗಳೆದ್ದವು.

ಸಭೆ ಮುಗಿದ ಮೇಲೆ ಹುಲಿಗೆಮ್ಮ ನಗುತ್ತ ಹತ್ತಿರ ಬಂದಳು.

"ನೀವು ಕೇಳಿದ್ರಿ ಅಂತ ನಾನೂ ಕೈ ಎತ್ತಿದೆ ಅಕ್ಕಾರ. ಅನಧಿಕೃತ ರಚನೆ ಅಂದ್ರ ಏನ್ರೀ?"