ಗಿರಾಕಿಯ ನೋಟ

ಗದಗಿನ ಮುದ್ರಣಾಲಯಗಳಲ್ಲಿ ಗಿರಾಕಿಗಳು ಚಿತ್ರದ ಜೊತೆಗೆ ತಮ್ಮ ನೋಟವನ್ನೂ ಬಿಟ್ಟುಹೋಗುತ್ತಾರೆ. ಆ ನೋಟ ಇರುವುದು ಕಡಲೆಬೇಳೆಯಷ್ಟು ಗಾಜಿನಲ್ಲಿ. ಅದನ್ನು ಕಣ್ಣಿಗೆ ಹಾಕಿಕೊಂಡರೆ ಕಂಪ್ಯೂಟರ್ ಪರದೆ ಅವರಿಗೆ ಕಂಡಂತೆಯೇ ಕಾಣುತ್ತದೆ. ಕಾಗದದ ಬಣ್ಣವನ್ನು ಅದಕ್ಕೆ ಹೊಂದಿಸಿದರೆ ತಕರಾರಿಲ್ಲ.

ಚಂದ್ರಾಮನ ಗಾಜನ್ನು ಮಾತ್ರ ಮುದ್ರಕ ಗುರುಪಾದ ಡಬ್ಬಿಯಿಂದ ತೆಗೆಯಲೇ ಇಲ್ಲ. ಪರದೆಯ ಮೇಲಿದ್ದವಳು ಕಸ್ತೂರಿ. ಕಾಲೇಜಿನಲ್ಲಿ ಅವಳ ಹಿಂದಿನ ಬೆಂಚು ಬಿಟ್ಟು ಕದಲದವನು ಗುರುಪಾದ, ಅವಳನ್ನು ಮದುವೆಯಾದವನು ಚಂದ್ರಾಮ. ಸಿಮೆಂಟ್ ಮಾರುವವನಿಗೆ ಅವಳ ಬಣ್ಣವೇನು ಗೊತ್ತು ಎಂದು ಹೊಟ್ಟೆ ಉರಿದುಕೊಳ್ಳುತ್ತಲೇ, ಗುರುಪಾದ ತನ್ನ ಬರಿಗಣ್ಣನ್ನೇ ನಂಬಿ ಹಳದಿ, ಕೆಂಪು ಹದಮಾಡಿದ. ಪರದೆಗೂ ಕಾಗದಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣದ ಮೇಲೆಯೇ ಅಚ್ಚು ತೆಗೆದ.

ಹೆಂಡತಿಯ ಹುಟ್ಟುಹಬ್ಬಕ್ಕೆಂದು ಚಿತ್ರ ಒಯ್ಯಲು ಬಂದ ಚಂದ್ರಾಮ ಅದನ್ನು ಬೆಳಕಿಗೆ ಹಿಡಿದ. ಪರದೆ ನೋಡಿದ. ಮತ್ತೆ ಚಿತ್ರ ನೋಡಿದ.

"ಗುರುಪಾದಣ್ಣ, ಗಾಜು ಅದಲುಬದಲಾಗೇತೇನ್ರಿ? ಬ್ಯಾರೆ ಯಾರದೋ ನೋಟಕ್ಕ ಹೊಂದಿಸೀರಿ."

"ಯಾಕ್ರಿ, ಏನಾತು?"

"ಭಾಳ ಮಬ್ಬಾಗೇತಿ. ಯಾರೋ ಏನೋ ಪಾಪ, ನಮ್ಮ ಕಸ್ತೂರಿನ್ನ ಸರಿಯಾಗಿ ನೋಡೇ ಇಲ್ಲ ನೋಡ್ರಿ."

ಗುರುಪಾದ ಡಬ್ಬಿ ತೆರೆದು, ಗಾಜನ್ನು ಕಣ್ಣಿಗೆ ಹಾಕಿಕೊಂಡು ಪರದೆಯತ್ತ ತಿರುಗಿದ. ಕಸ್ತೂರಿಯ ಗದ್ದದ ಮೇಲಿನ ಹಳೆಯ ಗಾಯದ ಗುರುತು ಕೂಡ ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು.

ಅವನ ಅಚ್ಚಿನಲ್ಲಿ ಅದು ಬರೀ ಕಂದು ಕಲೆಯಾಗಿತ್ತು.