ಮಲಗಿದ ಗೋಡೆ

ಐದಂತಸ್ತಿನ ಕಟ್ಟಡವೊಂದನ್ನು ಆ ಮಂಗಳವಾರ ಬೆಳಿಗ್ಗೆ ನಾವು ಅಂಗಾತ ಮಲಗಿಸಿದ್ದೆವು. ಚಿತ್ರ ತೆಗೆಯುವವರೇ ತುಂಬಿದ ಬರ್ಬ್ಯಾಂಕ್ ಊರಿನ ಹಳೆಯ ಟೈರ್ ಗೋದಾಮಿನಲ್ಲಿ, ಮೊಣಕಾಲೆತ್ತರದ ಮರದ ಅಟ್ಟಣೆಯ ಮೇಲೆ, ಇಟ್ಟಿಗೆ, ಕಿಟಕಿ, ಹೂಕುಂಡಗಳ ಸಮೇತ. ಕ್ಯಾಮೆರಾವನ್ನು ಸೂರಿಗೆ ಕಟ್ಟಿ ಕೆಳಮುಖ ಮಾಡಿದರೆ ಸಾಕು, ಆ ಗೋಡೆಯ ಮೇಲೆ ಅಂಬೆಗಾಲಿಡುವವನು ಟೀವಿಯಲ್ಲಿ ಸೀದಾ ಆಕಾಶಕ್ಕೆ ಹತ್ತುತ್ತಾನೆ. ಈ ಉಪಾಯ ನನ್ನದು. ತಮ್ಮದು ಅನ್ನುವ ಇನ್ನೂರು ಜನ ಈ ಊರಲ್ಲಿದ್ದಾರೆ, ನಂಬಬೇಡಿ.

ನಾನು ವರ್ನಾ, ಉಡುಪು ಹೊಲಿಯುವವಳು. ಎಪ್ಪತ್ತೆಂಟನೇ ಇಸವಿಯಲ್ಲಿ ಟೀವಿಯಲ್ಲಿ ಹಾರಾಡಿದ ಮುಸುಕಿನ ವೀರರಲ್ಲಿ ಅರ್ಧ ಜನರ ಚಡ್ಡಿ ನನ್ನ ಸೂಜಿಯಿಂದ ಬಂದದ್ದು. ಉಳಿದರ್ಧ ಜನರ ಚಡ್ಡಿ ಹರಿದದ್ದು ನಾನು ಹೊಲಿಯದ್ದಕ್ಕೇ. ಈ ಸಲದ ವೀರನ ಹೆಸರು ತಾಮ್ರಗಿಡುಗ. ಅವನ ರೆಕ್ಕೆ ಒಂದು ಹೋಟೆಲಿನ ಹಳೆಯ ಪರದೆ. ಮುಸುಕಿನ ಕೆಳಗೆ ಗಲ್ಲ ತೋರಿಸಲು ಒಬ್ಬ ಚೆಲುವ ನಟನಿದ್ದ. ಅದೇ ಉಡುಪಿನಲ್ಲಿ ಅವನ ಬದಲು ಏರಲು, ಬೀಳಲು, ಒದೆ ತಿನ್ನಲು ಬೀಳುಗಾರ ಹಾಯ್ಟ್ ಇದ್ದ.

ಹಾಯ್ಟ್‌ಗೆ ಐವತ್ತೊಂದು. ಹಿಂದಿನ ತಿಂಗಳು ಮತ್ತೊಂದು ಚಿತ್ರದಲ್ಲಿ ಕುದುರೆಯಿಂದ ಬಿದ್ದು ಸೊಂಟದ ಕೀಲಿಗೆ ಪೆಟ್ಟಾಗಿತ್ತು. ಅದನ್ನು ಮುಚ್ಚಿಟ್ಟಿದ್ದವನು ಅಳತೆ ತೆಗೆಯುವಾಗ ನನ್ನ ಕೈಗೆ ಸಿಕ್ಕಿಬಿದ್ದ. ನಿರ್ದೇಶಕ ಸಿಡ್‌ಗೆ ಒಂದೇ ನಿಯಮ: ಕುಂಟಿದವನು ಮನೆಗೆ. ಮನೆಗೆ ಹೋದ ಬೀಳುಗಾರನಿಗೆ ಈ ಊರಲ್ಲಿ ಮತ್ತೆ ಯಾರೂ ಫೋನು ಮಾಡುವುದಿಲ್ಲ. ಈ ದೃಶ್ಯ ದಾಟಿದರೆ ಹಾಯ್ಟ್‌ಗೆ ಮೂರು ವಾರ ಬಿಡುವು. ವೈದ್ಯರು ಕೇಳಿದ್ದೂ ಅಷ್ಟನ್ನೇ. ಆದರೆ ಸಿಡ್ ಅವನನ್ನು ನಿಜವಾದ ಕಟ್ಟಡಕ್ಕೆ ಹಗ್ಗ ಕಟ್ಟಿ ಹತ್ತಿಸಲಿದ್ದ. ಅದಕ್ಕೇ ನಾನು ಸಿಡ್‌ನ ಕಿವಿಯಲ್ಲಿ ಮಲಗಿದ ಗೋಡೆಯ ಮಂತ್ರ ಊದಿದೆ. ಕ್ರೇನಿನ ಬಾಡಿಗೆ ಉಳಿಯುತ್ತದೆ ಅಂದದ್ದೇ ತಡ, ಅವನಿಗೆ ಅದು ತನಗೇ ಹೊಳೆದಂತಾಯಿತು.

ಉಡುಪಿನೊಳಗೆ ಸೊಂಟದ ಸುತ್ತ ಮೂರು ಪದರ ಸ್ಪಂಜು ತುರುಕಿ ಜಿಪ್ ಎಳೆಯುವಾಗ ಹಾಯ್ಟ್ ಮೆಲ್ಲಗೆ ಅಂದ, "ಬಾಯಿ ಬಿಟ್ಟೀಯ, ನಿನ್ನ ಸೂಜಿ ಡಬ್ಬಿ ಮೇಲೇ ಬೀಳ್ತೀನಿ ನೋಡು."

"ಬೀಳು. ನಿನಗಿಂತ ನನ್ನ ಸೂಜಿಗಳು ಗಟ್ಟಿ."

ಬೀಳುಗಾರರದ್ದೊಂದು ಕಟ್ಟುಪಾಡಿದೆ. ಕೆಳಗೆ ನಾಲ್ವರು ದಪ್ಪ ಮೆತ್ತೆ ಹಾಸುತ್ತಾರೆ. ಅವರಲ್ಲಿ ಹಿರಿಯನಾದವನು 'ಹಾಸಾಯ್ತು' ಎಂದು ಕೂಗುವವರೆಗೆ, ದೇವರೇ ಬಂದು ಹೇಳಿದರೂ ಮೇಲಿರುವವನು ಕೈ ಬಿಡುವುದಿಲ್ಲ. ನಮ್ಮಲ್ಲಿ ಆ ಹಿರಿಯ ಓಟಿಸ್. ಒಮ್ಮೆ ಅವನು ಸ್ಯಾಂಡ್‌ವಿಚ್ ತರಲು ಹೋಗಿದ್ದನೆಂದು ಹಾಯ್ಟ್ ನೀರಿನ ಟ್ಯಾಂಕಿನ ಅಂಚಿನಿಂದ ಐದು ನಿಮಿಷ ನೇತಾಡಿದ್ದ. ನಾನು ಹೇಳುವಾಗ ಅದು ಎರಡು ಗಂಟೆ.

ಚಿತ್ರೀಕರಣ ಶುರುವಾಯಿತು. ರೆಕ್ಕೆ ಜೋತುಬಿದ್ದಂತೆ ಕಾಣಲೆಂದು ನಾನು ಗೋಡೆಯ ಬುಡದಲ್ಲಿ ಕೂತು ಮೀನಿನ ಗಾಳದ ದಾರದಿಂದ ಅದನ್ನು ಎಳೆದು ಹಿಡಿದೆ. ಹಾಯ್ಟ್ ತೆವಳಿದ. ಆಹಾ, ನಿಜವಾದ ಗಿಡುಗ ಕಂಡಿದ್ದರೆ ನಾಚಿ ಹಾರುವುದನ್ನೇ ಬಿಡುತ್ತಿತ್ತು. ನಾಲ್ಕನೆಯ ಅಂತಸ್ತಿನಲ್ಲಿ ಅವನ ಮೊಣಕೈ ತಾಗಿ ಕುಂಡದ ಹೂವೊಂದು ಕಿತ್ತುಬಂತು. ಬೀದಿಗೆ ಬೀಳಬೇಕಾದದ್ದು ಗೋಡೆಯ ಮೇಲೇ ಸುಮ್ಮನೆ ಮಲಗಿತು. ಇರಲಿ ಬಿಡಿ, ನೋಡುವವರು ಅಷ್ಟು ಹೊತ್ತಿಗೆ ಪಾಪ್‌ಕಾರ್ನ್ ಹುಡುಕುತ್ತಿರುತ್ತಾರೆ ಅಂದ ಸಿಡ್. ಹಾಯ್ಟ್ ಐದನೆಯ ಅಂತಸ್ತಿನ ಕಿಟಕಿ ಮುಟ್ಟಿದೊಡನೆ ಸಿಡ್ ಕಟ್ ಹೇಳಿದ.

ಎಲ್ಲರೂ ಕಾಫಿಯ ಕಡೆ ತಿರುಗಿದರು. ಹಾಯ್ಟ್ ಏಳಲಿಲ್ಲ.

ಕಿಟಕಿಯ ಅಂಚು ಹಿಡಿದ ಅವನ ಬೆರಳುಗಳು ಬಿಳಿಚಿದ್ದವು. ಸೊಂಟ ಹಿಡಿದುಕೊಂಡಿದೆ ಎಂದು ನನಗೆ ತಿಳಿಯಿತು. ಓಡಿಹೋಗಿ ಎಬ್ಬಿಸಿದರೆ ಗುಟ್ಟು ರಟ್ಟು, ಬಿಟ್ಟರೂ ರಟ್ಟು. ಬರ್ಬ್ಯಾಂಕ್‌ನಿಂದ ಸಮುದ್ರದವರೆಗೆ ನನ್ನಷ್ಟು ಸುಳ್ಳು ಬಲ್ಲವಳಿಲ್ಲ. ಆ ಕ್ಷಣಕ್ಕೆ ಒಂದೂ ಸಿಗಲಿಲ್ಲ. ಸಿಡ್ ಕ್ಯಾಮೆರಾ ಪಕ್ಕದ ಏಣಿಯಿಂದ ಇಳಿದು ಬಂದ.

"ಯಾಕೋ ಹಾಯ್ಟ್, ಏನಾದ್ರೂ ಆಯ್ತಾ?"

ಹಾಯ್ಟ್ ತಲೆ ಎತ್ತದೆ ಕೇಳಿದ, "ಮೆತ್ತೆ ಎಲ್ಲಿ?"

"ಯಾವ ಮೆತ್ತೆ?"

"ಐದನೇ ಅಂತಸ್ತಲ್ಲಿದ್ದೀನಿ ಸಿಡ್. ಮೆತ್ತೆ ಹಾಸದೆ ನಾನು ಯಾವತ್ತಾದ್ರೂ ಕೈ ಬಿಟ್ಟಿದ್ದೀನಾ?"

ಗೋದಾಮೇ ನಕ್ಕಿತು. ಸಿಡ್ ಹೊಟ್ಟೆ ಹಿಡಿದುಕೊಂಡು ನಕ್ಕ. ಓಟಿಸ್ ಮಾತ್ರ ನಗಲಿಲ್ಲ. ಹಾಯ್ಟ್‌ನ ಬೆರಳುಗಳನ್ನು ಒಮ್ಮೆ ನೋಡಿದ, ಕಾಫಿ ಕೆಳಗಿಟ್ಟ, ಉಳಿದ ಮೂವರಿಗೆ ಸನ್ನೆ ಮಾಡಿದ. ಅಂದು ಯಾರಿಗೂ ಬೇಕಿಲ್ಲದೆ ಮೂಲೆ ಸೇರಿದ್ದ ಮೆತ್ತೆಯನ್ನು ನಾಲ್ವರೂ ಎಳೆದು ತಂದು ಅಟ್ಟಣೆಗೆ ಒತ್ತಿ ಹಾಸಿದರು. ಓಟಿಸ್ ನಾಲ್ಕು ಹೆಜ್ಜೆ ಹಿಂದೆ ಸರಿದು, ಬಹಳ ಎತ್ತರದಲ್ಲಿರುವವನಿಗೆ ಕೇಳಿಸುವಂತೆ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದ, "ಹಾಸಾಯ್ತು."

ಹಾಯ್ಟ್ ಕೈ ಬಿಟ್ಟ. ಮಗ್ಗುಲಿಗೆ ಉರುಳಿ ಮೆತ್ತೆಯ ಮೇಲೆ ಬಿದ್ದ. ನಾಲ್ವರೂ ಮೆತ್ತೆಯ ಸಮೇತ ಅವನನ್ನು ಎತ್ತಿ, ದೊರೆಯನ್ನು ಹೊತ್ತಂತೆ ಹೊರಗೆ ನಡೆದರು. ಅವನು ಮಲಗಿದಲ್ಲಿಂದಲೇ ಕೈ ಬೀಸುತ್ತಿದ್ದ. ಸಿಡ್ ಬಾಗಿಲಿನವರೆಗೂ ಚಪ್ಪಾಳೆ ತಟ್ಟಿದ.

ನಾನು ಕಂಡದ್ದಕ್ಕೆಲ್ಲ ಹತ್ತು ಪಟ್ಟು ಸೇರಿಸಿ ಹೇಳುವವಳು. ಆದರೆ ಅಟ್ಟಣೆಯಿಂದ ಮೆತ್ತೆಗೆ ಇದ್ದದ್ದು ನಾಲ್ಕು ಬೆರಳು. ನಾನು ನೋಡಿದ ಅತಿ ಎತ್ತರದ ಬೀಳುವಿಕೆ ಅದು. ಇಂದಿನವರೆಗೂ ಅದಕ್ಕೆ ಒಂದು ಬೆರಳನ್ನೂ ಸೇರಿಸಿಲ್ಲ.