ಬಲಗಡೆಯ ಕಂಟ್ರೋಲ್ ಕೀ

"ಇದೇನಿದು, ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು?"

ಅತ್ತೆಯ ದನಿ ಬೆನ್ನ ಹಿಂದೆಯೇ ಕೇಳಿದರೂ ಸೊಸೆ ಮೌಸಿನಿಂದ ಕೈ ತೆಗೆಯಲಿಲ್ಲ. ತೆರೆಯ ಮಧ್ಯದ ಚೌಕದಲ್ಲಿ ನೀರಿನ ಕೊಳವೆಗಳ ನಕ್ಷೆ ಮುಕ್ಕಾಲು ಪಾಲು ಮುಗಿದಿತ್ತು. ಅದನ್ನು ಸಂಜೆಯೊಳಗೆ ಕಳಿಸಿ, ನಕ್ಷೆ ಕಚೇರಿಯವರು ಒಪ್ಪಿದರೆ ಮನೆಯಲ್ಲೇ ಕೂತು ಮಾಡುವ ಕೆಲಸ ಅವಳದು. ಹೆರಿಗೆಗೆಂದು ನೌಕರಿ ಬಿಟ್ಟ ಮೇಲೆ ಒದಗಿ ಬಂದ ಮೊದಲ ಅವಕಾಶ. ಆದರೆ ಆ ಕಚೇರಿಯವರ ತಂತ್ರಾಂಶ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಮನೆಯಲ್ಲಿರುವುದೋ, ಮುಂದಿನ ಕೋಣೆಯಲ್ಲಿ ಅತ್ತೆ ನಡೆಸುವ ಕಂಪ್ಯೂಟರ್ ಕ್ಲಾಸಿನ ಯಂತ್ರಗಳು. ಎಲ್ಲವೂ ವಿಂಡೋಸ್.

ಅತ್ತೆ ಇಡೀ ಬೀದಿಗೆ ಟೀಚರಮ್ಮ. ಅರ್ಧ ಬೀದಿಗೆ ಮೌಸ್ ಹಿಡಿಯಲು ಕಲಿಸಿದವರು ಅವರೇ. ಅವರ ಕ್ಲಾಸಿನ ಪ್ರತಿಯೊಂದು ತೆರೆಯ ಮೇಲೂ ಅದೇ ನೀಲಿ ಬೆಟ್ಟ, ಬೆಟ್ಟದ ಮೇಲೆ ಕ್ಲಾಸಿನ ಹೆಸರು. ಯಾರಾದರೂ ಆ ಚಿತ್ರ ಬದಲಿಸಿದರೆ ಅವತ್ತು ಅವರಿಗೆ ಪಾಠವಿಲ್ಲ, ಬರೀ ಮಂಗಳಾರತಿ.

"ನನ್ನ ವಿಂಡೋಸ್ ಮುಟ್ಟಬೇಡ ಅಂತ ಹೇಳಿದ್ದೆನೋ ಇಲ್ಲವೋ?"

"ಮುಟ್ಟಿಲ್ಲ ಅತ್ತೆ. ಅದು ಇದ್ದ ಹಾಗೇ ಇದೆ. ಅದರೊಳಗೆ ಒಂದು ಚೌಕ ಮಾಡ್ಕೊಂಡು ಲಿನಕ್ಸ್ ಹಾಕ್ಕೊಂಡಿದ್ದೀನಿ, ಅಷ್ಟೆ."

"ಬಾಡಿಗೆಯವರನ್ನ ಇಡೋ ಮುಂಚೆ ಮನೆಯವರನ್ನ ಒಂದು ಮಾತು ಕೇಳ್ಬೇಕು."

"ಕೇಳಿದ್ದೆ. ಕೇಳಿದಾಗಲೆಲ್ಲ 'ನೋಡೋಣ' ಅಂದ್ರಿ."

ಈ ಮನೆಯಲ್ಲಿ 'ನೋಡೋಣ' ಎಂದರೆ ಆಗದು ಎಂದೇ ಲೆಕ್ಕ. ಮದುವೆಯಾದ ಹೊಸದರಲ್ಲಿ ಅದು ತಿಳಿಯದೆ ಪಾಪ ಅವಳು ಎಷ್ಟೋ ವಿಷಯಕ್ಕೆ ಕಾದದ್ದೇ ಕಾದದ್ದು.

"ಮುಚ್ಚಿಬಿಡು ಅದನ್ನ," ಎಂದರು ಟೀಚರಮ್ಮ.

"ಆಗಲ್ಲ ಅತ್ತೆ."

ಅತ್ತೆಗೆ ಅವಳು ಹಾಗೆ ಎದುರಾಡಿದ್ದು ಅದೇ ಮೊದಲು. ಆದರೆ ಹೇಳಬಾರದಿತ್ತು ಎಂದು ಮಾತ್ರ ಅನ್ನಿಸಲಿಲ್ಲ. ಟೀಚರಮ್ಮನವರ ಮುಖ ಕೆಂಪಗಾಯಿತು. "ಏಳು. ನಾನೇ ತೆಗೀತೀನಿ," ಎಂದು ಅವಳನ್ನು ಎಬ್ಬಿಸಿ ತಾವೇ ಕುರ್ಚಿಯಲ್ಲಿ ಕೂತರು. ಮೌಸ್ ಹಿಡಿದು, ಅಭ್ಯಾಸ ಬಲದಿಂದ ಚೌಕದ ನಡುವೆ ಒಮ್ಮೆ ಟಕ್ಕೆಂದು ಒತ್ತಿದರು. ಆಮೇಲೆ ಚೌಕದ ಅಂಚಿನಾಚೆ ಮೇಲಿನ ಮೂಲೆಯಲ್ಲಿದ್ದ ಮುಚ್ಚುವ ಗುರುತಿನತ್ತ ಬಾಣವನ್ನು ಒಯ್ದರು.

ಬಾಣ ಚೌಕದ ಅಂಚಿಗೆ ಬಂದು ನಿಂತಿತು. ಎಳೆದರೂ ಬರಲಿಲ್ಲ. ಟೀಚರಮ್ಮ ಮೌಸನ್ನು ಎತ್ತಿ ಕುಕ್ಕಿದರು, ಅಡ್ಡ ಉದ್ದ ಎಳೆದಾಡಿದರು. ಬಾಣ ಒಳಗೇ ಸುತ್ತಿ ಸುತ್ತಿ, ಅಂಚಿಗೆ ಬಂದಾಗಲೆಲ್ಲ ತಡೆದು ನಿಲ್ಲುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಮುಂದಿನ ಬ್ಯಾಚಿನವರ ಮಾತು, ಚಪ್ಪಲಿ ಬಿಡುವ ಸದ್ದು.

ಸೊಸೆಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಡುಗೆಮನೆಯಿಂದ ಹೊರಟು ಹೊಸಿಲಿನವರೆಗೆ ಬಂದು ತಾನು ಹೀಗೇ ಎಷ್ಟು ಸಲ ನಿಂತಿಲ್ಲ?

"ಕೆಡಿಸಿಟ್ಟಿದ್ದೀಯ," ಎಂದರು ಅತ್ತೆ, ದನಿ ತಗ್ಗಿಸಿ.

"ಕೆಟ್ಟಿಲ್ಲ. ಒಳಗೆ ಸಿಕ್ಕಿಹಾಕ್ಕೊಂಡಿದೆ. ಹೊರಗೆ ಬರೋಕೆ ಒಂದು ಕೀ ಇದೆ, ನನಗೆ ಗೊತ್ತು."

"ಹೇಳು ಮತ್ತೆ."

"ಹೇಳ್ತೀನಿ. ಆದ್ರೆ ಹೊರಗೆ ಬಂದ ಮೇಲೆ ಏನೂ ಮುಚ್ಚೋ ಹಾಗಿಲ್ಲ. ಸಂಜೆವರೆಗೂ ಈ ಕುರ್ಚಿ ನನ್ನದು."

"ನೋಡೋಣ."

"ನೋಡೋಣ ಬೇಡ ಅತ್ತೆ. ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ."

ಬಾಗಿಲಲ್ಲಿ ಯಾರೋ ಇಣುಕಿ, "ಬರಬಹುದಾ ಟೀಚರಮ್ಮ?" ಎಂದರು. ಟೀಚರಮ್ಮ ಬಾಗಿಲ ಕಡೆ ನೋಡಿದರು, ಬಾಣದ ಕಡೆ ನೋಡಿದರು, ಕೊನೆಗೆ ಸೊಸೆಯ ಮುಖ ನೋಡಿದರು. ಆ ಮುಖ ಇವತ್ತು ತಗ್ಗಲಿಲ್ಲ.

"ಹೂಂ," ಎಂದರು.

ಸೊಸೆ ಬಗ್ಗಿ ಬಲಗಡೆಯ ಕಂಟ್ರೋಲ್ ಕೀ ಒತ್ತಿದಳು. ಬಾಣ ಸಲೀಸಾಗಿ ಹೊರಗೆ ಬಂತು. ಟೀಚರಮ್ಮ ಸೆರಗು ಸರಿಮಾಡಿಕೊಂಡು ಎದ್ದರು, ಅವಳು ಕೂತಳು. ಇನ್ನು ಚಿಕ್ಕ ಚೌಕದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡುವ ಅಗತ್ಯ ಅವಳಿಗೆ ಕಾಣಲಿಲ್ಲ. ಚೌಕವನ್ನು ತೆರೆಯ ತುಂಬ ಹಿಗ್ಗಿಸಿದಳು. ನೀಲಿ ಬೆಟ್ಟ, ಅದರ ಮೇಲಿನ ಹೆಸರು, ಎಲ್ಲ ಮಾಯವಾಗಿ ತೆರೆಯುದ್ದಕ್ಕೂ ಅವಳ ಕೊಳವೆಗಳೇ ಹರಡಿಕೊಂಡವು.

"ಅಯ್ಯೋ, ನನ್ನ ಕಂಪ್ಯೂಟರ್ ಎಲ್ಲಿ ಹೋಯ್ತೇ?"

"ಎಲ್ಲೂ ಹೋಗಿಲ್ಲ ಅತ್ತೆ," ಎಂದಳು ಸೊಸೆ, ನಕ್ಷೆಯಿಂದ ಕಣ್ಣು ಕೀಳದೆ. "ಅಡಿಯಲ್ಲೇ ಇದೆ. ನಾನು ಅದರ ಮೇಲೆ ನಿಂತಿದ್ದೀನಿ."